ಇಸಿದೋರರ ಮುಟ್ಟಾಳೆ

ರುಕ್ಮಯ್ಯ ಆಚಾರಿ ಎಲ್ಲಿ ಕೆಲಸಕ್ಕೆ ಹೋದರೂ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವರಿಗೆ ಎಂತ ಬಡಿಸುವುದು?"

ಅದು ಅವರ ಊಟದ ಮಾತಲ್ಲ. ಅವರು ಬಣ್ಣ ಹಚ್ಚಬೇಕಾದ ದೈವಕ್ಕೆ ಮನೆಯವರು ಏನು ಬಡಿಸುತ್ತಾರೆ ಎಂದು ಕೇಳುವುದು. ಎಳನೀರು ಕುಡಿಯುವ ದೈವದ ಮುಖ ಬೇರೆ, ಕೋಳಿ ತಿನ್ನುವ ದೈವದ ಮುಖ ಬೇರೆ, ಎರಡಕ್ಕೂ ಒಂದೇ ಕೆಂಪು ಬಳಿದರೆ ನೋಡಿದವನಿಗೆ ಅಜೀರ್ಣವಾಗುತ್ತದೆ ಎಂದು ಅವರು ಗಂಭೀರವಾಗಿಯೇ ಹೇಳುತ್ತಿದ್ದರು. ಬೆಳುವಾಯಿಯ ಅವರ ಮನೆಯಿಂದ ಹೊರಟು, ಬಣ್ಣದ ತಗಡಿನ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು, ಅತ್ತ ಬೆಳ್ತಂಗಡಿ, ಇತ್ತ ಬಂಟ್ವಾಳದವರೆಗೆ ನಡೆದೇ ಹೋಗುವವರು. ದೈವಸ್ಥಾನಗಳ ಮರದ ಹಂದಿ, ಹುಲಿ, ಕುದುರೆಗಳಿಗೆಲ್ಲ ಬಣ್ಣ ಅವರದೇ. ಅವರು ಬಿಡಿಸಿದ ಹಂದಿಯ ಎದುರು ನಾಯಿಗಳು ಬೊಗಳುತ್ತವೆ ಎಂದು ಜನ ಹೇಳುತ್ತಿದ್ದರು. ನಾನು ನೋಡಿದ್ದೇನೆ, ಒಂದು ನಾಯಿ ಬೊಗಳಿತು. ಆದರೆ ಆ ನಾಯಿ ನನಗೂ ಬೊಗಳುತ್ತಿತ್ತು.

ನಾನು ಸೆವ್ರಿನ್ ಟೀಚರ್. ವಾಮದಪದವಿನ ಆಚೆ, ನಮ್ಮ ಬೈಲಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಗ್ಗಿ ಹೇಳಿಕೊಟ್ಟವಳು. ಸಿಟ್ಟಿನವಳು ಎಂದು ಹೆಸರುಂಟು, ಅದು ಸುಳ್ಳಲ್ಲ. ಈ ಕತೆಯ ಮಾತೆಲ್ಲ ತುಳುವಿನಲ್ಲೋ ಕೊಂಕಣಿಯಲ್ಲೋ ನಡೆದದ್ದು. ನನಗೆ ಬರೆಯಲು ಬರುವುದು ಕನ್ನಡ, ಹಾಗಾಗಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಹಾಕಿದ್ದೇನೆ.

ನಾವು ಮದ್ರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡನೇ ಬೇಸಗೆ ಅದು. ನಮ್ಮ ಬೈಲಿನಲ್ಲಿ ಐವತ್ತು ಕ್ರೈಸ್ತ ಮನೆಗಳಿಗೆ ಒಂದು ಸಣ್ಣ ಕಪೆಲ್, ಎಂದರೆ ಪ್ರಾರ್ಥನಾ ಮಂದಿರ, ಕಟ್ಟಿದ್ದರು. ಅಲ್ಲಿರುವವರೆಲ್ಲ ಬೇಸಾಯಗಾರರು, ಹಾಗಾಗಿ ಬೇಸಾಯಗಾರರ ಸಂತ ಇಸಿದೋರರ ಹೆಸರನ್ನೇ ಇಟ್ಟರು. ಮೇ ಹದಿನೈದಕ್ಕೆ ಅವರ ಹಬ್ಬ. ಬಿತ್ತನೆಯ ಭತ್ತ ತಂದು ಮಂತ್ರಿಸಿಕೊಂಡು ಹೋಗುವ ದಿನ. ಪೇಟೆಯಿಂದ ಸುಣ್ಣದ ಪ್ರತಿಮೆಯೊಂದನ್ನು ತರಿಸಿದವರು ನಮ್ಮ ಗುರ್ಕಾರರಾದ ಬಾಸ್ತಿಯಾಂವ್. ಗುರ್ಕಾರ ಎಂದರೆ ನಮ್ಮಲ್ಲಿ ಬೈಲಿನ ಕ್ರೈಸ್ತ ಮನೆಗಳ ಮುಖಂಡ. ಬಸ್ಸಿನ ಮೇಲೆ ಹುಲ್ಲಿನಲ್ಲಿ ಸುತ್ತಿ ತಂದ ಸಂತರು ಇಳಿಯುವಾಗ ದೇಹ ಒಂದು ಕಡೆ, ತಲೆ ಒಂದು ಕಡೆ. ವಾಮದಪದವಿನ ರಸ್ತೆಯಲ್ಲಿ ಆಗ ಮನುಷ್ಯರ ಕುತ್ತಿಗೆ ಉಳಿಯುತ್ತಿದ್ದದ್ದೇ ದೊಡ್ಡದು.

ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬಂದು ಪೂಜೆ ಮಾಡುತ್ತಿದ್ದ ಫಾದರ್ ಕಾಜೆತಾನ್ ಆ ತಲೆಯನ್ನು ಕೈಯಲ್ಲಿ ಹಿಡಿದು, "ಇನ್ನು ಸುಣ್ಣ ಬೇಡ. ಹಲಸಿನ ಹಲಗೆಯ ಮೇಲೆ ಚಿತ್ರ ಬರೆಸುವ. ಬಿದ್ದರೂ ಒಡೆಯುವುದಿಲ್ಲ" ಎಂದರು. ಹಲಗೆಯ ಮೇಲೆ ಬರೆಯುವವರು ಸುತ್ತಮುತ್ತ ಇದ್ದದ್ದು ಒಬ್ಬರೇ. ಹೀಗೆ ರುಕ್ಮಯ್ಯ ಆಚಾರಿ ನಮ್ಮಲ್ಲಿಗೆ ಬಂದರು.

ಶಾಲೆಗೆ ರಜೆ. ಶಾಲೆಯ ಜಗಲಿಯಲ್ಲಿ ಅವರ ಕೆಲಸ. ಮಾದರಿಗೆ ಫಾದರ್ ಕೊಟ್ಟದ್ದು ಅವರ ಪ್ರಾರ್ಥನಾ ಪುಸ್ತಕದೊಳಗಿನ ಒಂದು ಚೀಟಿ ಚಿತ್ರ. ಬೆರಳುದ್ದದ್ದು, ಬಣ್ಣವಿಲ್ಲದ್ದು, ಹಿಡಿದು ಹಿಡಿದು ಮಾಸಿದ್ದು. ಆಚಾರಿ ಅದನ್ನು ಕಣ್ಣಿನ ಹತ್ತಿರ ತಂದು ತುಂಬಾ ಹೊತ್ತು ನೋಡಿದರು. ಆಮೇಲೆ ಅದೇ ಪ್ರಶ್ನೆ.

"ಟೀಚರೇ, ಇವರಿಗೆ ಎಂತ ಬಡಿಸುವುದು?"

"ನಮ್ಮಲ್ಲಿ ಸಂತರಿಗೆ ಬಡಿಸುವ ಕ್ರಮ ಇಲ್ಲ, ಆಚಾರ್ರೆ. ಮೇಣದ ಬತ್ತಿ ಹಚ್ತೇವೆ."

"ಬರೀ ಬತ್ತಿಯಾ? ಪಾಪ." ಅವರಿಗೆ ನಿಜವಾಗಿ ಬೇಸರವಾಯಿತು. "ಇರಲಿ. ಇವರಿಗೆ ಯಾರ ಮೇಲೆ ಕೋಪ?"

"ಕೋಪವೇ ಇಲ್ಲದವರು. ಶಾಂತ ಸ್ವಭಾವ."

ಆಚಾರಿ ಎಲೆಯಡಿಕೆಯ ಚೀಲ ಬದಿಗಿಟ್ಟರು. ನಲವತ್ತು ವರ್ಷದಿಂದ ಅವರು ಬಿಡಿಸಿದ್ದೆಲ್ಲ ಕೋಪದ ಕಣ್ಣುಗಳೇ. ದುಂಡಗೆ ಹೊರಗೆ ಬಂದ ಗುಡ್ಡೆ, ಸುತ್ತ ಕೆಂಪು ಗೆರೆ, ಮೇಲೆ ಎತ್ತಿದ ಹುಬ್ಬು. ಕೋಪವಿಲ್ಲದ ಕಣ್ಣನ್ನು ಅವರ ಅಪ್ಪನೂ ಬಿಡಿಸಿರಲಿಲ್ಲ. "ಇದು ಕಷ್ಟ ಉಂಟು ಟೀಚರೇ. ಕಣ್ಣು ಕಡೆಗೆ ನೋಡುವ" ಎಂದು ಹಲಗೆಗೆ ಮೊದಲ ಬಳಿತ ಎಳೆದರು.

ಕಣ್ಣು ಹೇಗೂ ಅವರಲ್ಲಿ ಕಡೆಗೇ. ಅದಕ್ಕೊಂದು ಕಟ್ಟು ಇತ್ತು. ಚಿತ್ರದ ಎಲ್ಲ ಕೆಲಸ ಮುಗಿದ ಮೇಲೆ, ಅದನ್ನು ಇಟ್ಟುಕೊಳ್ಳುವ ಮನೆಯ ಹಿರಿಯರು ಬಂದು ನೋಡಿ, "ಬಿಡಿಸು" ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಾತ್ರ ಕಣ್ಣು. ಹೇಳದಿದ್ದರೆ, ಕಣ್ಣಿಲ್ಲದ ರೂಪ ಸಂಕ್ರಮಣ ದಾಟಿ ಸೂರಿನಡಿ ಇರಬಾರದು. ಬರೆದವನೇ ಹೊತ್ತುಕೊಂಡು ಹೋಗಿ ಹೊಳೆಗೆ ಬಿಡಬೇಕು. ಅವರ ಅಪ್ಪ ಒಮ್ಮೆ ಹಾಗೆ ಒಂದು ಕುದುರೆಯನ್ನು ಹೊಳೆಗೆ ಬಿಟ್ಟು ಬಂದು, ಆಮೇಲೆ ಒಂದು ವರ್ಷ ಕುಂಚ ಮುಟ್ಟಲಿಲ್ಲವಂತೆ. "ನನಗೆ ಇಷ್ಟರವರೆಗೆ ಆ ಗತಿ ಬಂದದ್ದಿಲ್ಲ" ಎಂದು ಹೇಳುವಾಗ ಆಚಾರಿಯ ದನಿ ಸಣ್ಣದಾಯಿತು. ಬೇಶ, ಎಂದರೆ ವೃಷಭ ತಿಂಗಳ ಸಂಕ್ರಮಣ ಆ ವರ್ಷ ಬಿದ್ದದ್ದು ನಮ್ಮ ಹಬ್ಬದ ಮುನ್ನಾದಿನವೇ.

ಎರಡು ವಾರ ಅವರು ಬರೆದರು. ಯಾರಿಗೂ ತೋರಿಸುತ್ತಿರಲಿಲ್ಲ, ಸಂಜೆ ಹೋಗುವಾಗ ಹಲಗೆಗೆ ಒಂದು ಹಳೆಯ ಪಂಚೆ ಹೊದಿಸಿ ಹೋಗುವರು. ಮನೆಯಲ್ಲಿ ಅವರ ಹೆಂಡತಿ ಸೇಸಮ್ಮ ಅರೆದು ಕೊಟ್ಟ ಇಂಗಳೀಕದ ಕೆಂಪು, ಅರದಾಳದ ಹಳದಿ, ದೀಪದ ಮಸಿಯ ಕಪ್ಪು ತೆಂಗಿನ ಚಿಪ್ಪುಗಳಲ್ಲಿ ಸಾಲಾಗಿ ಕುಳಿತಿರುತ್ತಿದ್ದವು. ನನಗೆ ಮಾತ್ರ ಆಗಾಗ ಪ್ರಶ್ನೆ ಬರುತ್ತಿತ್ತು. ಚೀಟಿಯಲ್ಲಿ ರೆಕ್ಕೆ ಇರುವವನು ಯಾರು? ದೇವದೂತ, ಇಸಿದೋರರು ಪ್ರಾರ್ಥನೆ ಮಾಡುವಾಗ ಅವರ ಬದಲು ಗದ್ದೆ ಹೂಡಿದವನು. "ಕೆಸರಿನ ಗದ್ದೆಯಾ, ಒಣ ಗದ್ದೆಯಾ?" ನನಗೇನು ಗೊತ್ತು? ಕೆಸರಿನದ್ದು ಎಂದುಬಿಟ್ಟೆ. ಕುತ್ತಿಗೆಯ ಹತ್ತಿರ ಹೂವು ಎಂಥದು? ಲಿಲ್ಲಿ. "ಅದು ಇಲ್ಲಿ ಆಗುವುದಿಲ್ಲ, ಹಿಂಗಾರ ಹಾಕ್ತೇನೆ" ಎಂದು ಅಡಿಕೆಯ ಹೂವಿನ ಹೊಂಬಾಳೆಯನ್ನೇ ಬಿಡಿಸಿದರು. ನಾನು ಬೇಡ ಎನ್ನಲಿಲ್ಲ. ಲಿಲ್ಲಿ ಹೂವನ್ನು ನಾನೂ ನೋಡಿರಲಿಲ್ಲ.

ಮೇ ಹದಿನಾಲ್ಕು, ಮಧ್ಯಾಹ್ನದ ಹೊತ್ತು. ಜಗಲಿಯಲ್ಲಿ ಜನ ಸೇರಿದರು. ಫಾದರ್ ಬಂದರು. ಬಾಸ್ತಿಯಾಂವ್ ಗುರ್ಕಾರ ಬಂದರು, ತಲೆಯ ಮೇಲೆ ಸೋಲಾ ಹ್ಯಾಟು. ಬೊಂಬಾಯಿಯ ಹಡಗಿನ ಕಂಪೆನಿಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು ಅವರು. ಹ್ಯಾಟು ತೆಗೆದದ್ದನ್ನು ನೋಡಬೇಕಾದರೆ ಕಪೆಲಿನೊಳಗೇ ಹೋಗಬೇಕಿತ್ತು. ಆಚಾರಿ ಪಂಚೆ ಎಳೆದರು.

ನನ್ನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ನಮ್ಮದೇ ಬೈಲು ಅಲ್ಲಿತ್ತು. ಗದ್ದೆಯ ಹುಣಿಯ, ಅದೇ ಬದುವಿನ, ಮೇಲೆ ಕಪ್ಪು ಮೈಯ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಕೈಮುಗಿದು ನಿಂತಿದ್ದಾನೆ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಹೆಗಲಿನಲ್ಲಿ ಮೈಯೊರೆಸುವ ಬೈರಾಸು. ಬರಿಗೈಯ ದೈವ ಎಲ್ಲೂ ಇಲ್ಲವೆಂದು ಬದಿಯಲ್ಲಿ ಒಂದು ಬಾರುಕೋಲು ಕುತ್ತಿ ನಿಲ್ಲಿಸಿದ್ದರು. ಕಾಲಿನ ಹತ್ತಿರ ಗಿಂಡಿ ನೀರು, ಬೆಲ್ಲದ ತುಂಡು. ಬತ್ತಿ ಮಾತ್ರ ಸಿಗುವ ಸಂತರ ಮೇಲೆ ಕನಿಕರಪಟ್ಟು ಆಚಾರಿ ತಾವೇ ಬಡಿಸಿಬಿಟ್ಟಿದ್ದರು. ಸುತ್ತ ಕೇಪುಳದ ಕೆಂಪು ಹೂ. ಬಲಬದಿಯಲ್ಲಿ ಒಂದು ಜೊತೆ ಕೋಣ, ಹಿಂದೆ ದೇವದೂತ ಕಚ್ಚೆ ಹಾಕಿ ನೇಗಿಲು ಹಿಡಿದಿದ್ದಾನೆ. ಅವನಿಗೆ ಕೆಂಬೂತದ ಕಂದು ರೆಕ್ಕೆ, ಎರಡು ರೆಕ್ಕೆಗಳ ತುದಿಗೂ ಕೆಸರು. ಸಂತರ ಕಣ್ಣಿನ ಜಾಗ ಖಾಲಿ. ಮತ್ತು ತಲೆಯ ಮೇಲೆ, ಅಡಿಕೆ ಹಾಳೆಯ ದೊಡ್ಡದೊಂದು ಮುಟ್ಟಾಳೆ.

ಹಿಂದಿನ ಸಾಲಿನಿಂದ ಯಾರೋ, "ಅರೆ, ನಮ್ಮವರೇ!" ಎಂದರು. ಎಲ್ಲರೂ ನಕ್ಕರು, ಖುಷಿಯ ನಗು.

ಗುರ್ಕಾರರು ನಗಲಿಲ್ಲ. "ಇದು ಸಂತರಾ, ಯಾರದ್ದಾದರೂ ಒಕ್ಕಲಾ?" ಎಂದರು. "ಮುಟ್ಟಾಳೆ! ಸಂತರ ತಲೆಗೆ ಮುಟ್ಟಾಳೆ! ಏನು ಆಚಾರಿ, ನಿನಗೆ ಚಿತ್ರ ಕೊಟ್ಟಿರಲಿಲ್ಲವಾ?"

"ಚಿತ್ರದಲ್ಲಿ ಉಂಟಲ್ಲ ಪೊರ್ಬುಗಳೇ" ಎಂದು ಆಚಾರಿ, ತುಳುವಿನಲ್ಲಿ ಕ್ರೈಸ್ತ ಯಜಮಾನರನ್ನು ಕರೆಯುವ ಹಾಗೆಯೇ ಕರೆದು, ಚೀಟಿ ತೆಗೆದರು. "ಇಕ್ಕೊಳ್ಳಿ, ತಲೆಗೆ ದುಂಡಗೆ. ಬಿಸಿಲಿಗೆ ಇಟ್ಟದ್ದು. ಅಚ್ಚು ಹಾಕಿದವನಿಗೆ ಮುಟ್ಟಾಳೆ ಬಿಡಿಸಲು ಗೊತ್ತಿಲ್ಲ, ತಟ್ಟೆಯ ಹಾಗೆ ಮಾಡಿದ್ದಾನೆ. ನಾನು ಸರಿ ಮಾಡಿದೆ."

ಫಾದರ್ ಕಾಜೆತಾನ್ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. "ಆಚಾರ್ರೆ, ಅದು ಟೊಪ್ಪಿ ಅಲ್ಲ. ಬೆಳಕು. ಸಂತರ ತಲೆಯ ಹಿಂದೆ ಬೆಳಕಿನ ಚಕ್ರ ಇರ್ತದೆ."

"ಬೆಳಕಾ?" ಆಚಾರಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ತಲೆಯ ಹಿಂದೆ ಬೆಳಕು ಇಟ್ಟುಕೊಂಡು ಗದ್ದೆಗೆ ಯಾರು ಇಳಿತಾರೆ ಫಾದರ್‌ರೆ?"

"ಈ ಮುಟ್ಟಾಳೆ ಕಪೆಲಿನ ಹೊಸ್ತಿಲು ದಾಟುವುದಿಲ್ಲ" ಎಂದರು ಗುರ್ಕಾರರು. "ಕೆರೆದು ತೆಗಿ."

"ಕೆರೆದರೆ ತಲೆಯೂ ಬರ್ತದೆ."

"ಹಾಗಾದರೆ ನಮಗೆ ಬೇಡ."

ಆಚಾರಿ ಕುಂಚಗಳನ್ನು ಒರೆಸಿ ಒಂದೊಂದಾಗಿ ಪೆಟ್ಟಿಗೆಗೆ ಇಡತೊಡಗಿದರು. ಆಮೇಲೆ ಪಂಚೆಯನ್ನು ಮಡಚಿ ಹಗ್ಗದ ಹಾಗೆ ಹೊಸೆದರು, ಹಲಗೆ ಕಟ್ಟಲು.

"ಎಲ್ಲಿಗೆ ಆಚಾರ್ರೆ?" ಎಂದೆ.

"ಹೊಳೆಗೆ. ಹೊತ್ತು ಕಂತುವ ಮೊದಲು ಬಿಡಬೇಕಲ್ಲ."

"ಈ ಬೇಸಗೆಗೆ ಹೊಳೆಯಲ್ಲಿ ಮೊಣಕಾಲು ಮುಳುಗುವ ನೀರಿಲ್ಲ!"

"ಗುಂಡಿ ಇರುವ ಕಡೆ ನೋಡಿ ಬಿಡ್ತೇನೆ ಟೀಚರೇ."

ನನಗೆ ಸಿಟ್ಟು ಬಂತು. ಅಷ್ಟು ಚಂದದ ರೆಕ್ಕೆ, ಅದರ ಕೆಸರಿನ ಸಮೇತ, ಹೊಳೆಯ ಗುಂಡಿಗೆ! "ಹಿರಿಯರು ಹೇಳಬೇಕು ಅಂತ ಅಲ್ಲವಾ ನಿಮ್ಮ ಕಟ್ಟು? ಇನ್ನೂ ಯಾರು ಹೇಳಿದ್ದಾರೆ?" ಎಂದು ಗದರಿದೆ.

"ನಾನೇ ಹಿರಿಯ. ನಾನು ಹೇಳಿಯಾಯಿತು" ಎಂದರು ಗುರ್ಕಾರರು.

ಆಚಾರಿ ತಲೆ ಎತ್ತಿದರು. ಅವರು ಕೆಲಸ ಮಾಡಿದ್ದೆಲ್ಲ ಗುತ್ತಿನ ದೊಡ್ಡ ಮನೆಗಳಲ್ಲಿ. ಅಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಯಜಮಾನ ಎಷ್ಟು ಮೀಸೆ ತಿರುವಿದರೂ ಕಡೆಯ ಮಾತು ಒಳಗಿನ ಹಿರಿಯ ಹೆಂಗಸಿನದು. ಲೋಕವಿಡೀ ಹಾಗೆಯೇ ಎಂದು ಅವರು ತಿಳಿದಿದ್ದರು. "ನೀವು ಹೇಗೆ ಹಿರಿಯರಾಗ್ತೀರಿ ಪೊರ್ಬುಗಳೇ?" ಎಂದರು, ಆಶ್ಚರ್ಯದಿಂದ. "ನಿಮ್ಮ ತಾಯಿ ಇದ್ದಾರಲ್ಲ?"

"ನಮ್ಮಲ್ಲಿ ಆ ಕ್ರಮ ಇಲ್ಲ."

"ಕ್ರಮ ಇಲ್ಲ ಅಂತ ನಾನು ಎಲ್ಲೂ ಓದಿದ್ದಿಲ್ಲ" ಎಂದರು ಫಾದರ್, ಮುಖ ಬೇರೆ ಕಡೆ ಮಾಡಿಕೊಂಡು.

ನಾನು ಅಷ್ಟು ಹೊತ್ತಿಗೆ ಜಗಲಿ ಇಳಿದಾಗಿತ್ತು.

ಗುರ್ಕಾರರ ತಾಯಿ ನತಾಲ್ ಬಾಯಿಗೆ ಎಂಬತ್ತು ದಾಟಿತ್ತು. ಸೊಂಟ ಹಿಡಿದ ಮೇಲೆ ಮನೆ ಬಿಟ್ಟು ಹೊರಟವರಲ್ಲ. ನಾನು ಹೋಗಿ ಎರಡು ಮಾತು ಹೇಳಿದ್ದೇ ತಡ, ಉಟ್ಟ ಕಿರ್ಗಿಯನ್ನು ಬಿಗಿದು ಕಟ್ಟಿಕೊಂಡು, "ಕುರ್ಚಿ ಎತ್ತಲು ಜನ ಕರಿ" ಎಂದರು. ಬೆತ್ತದ ಕುರ್ಚಿಯಲ್ಲಿ ಇಬ್ಬರು ಹೊತ್ತು ತಂದರು. ದಾರಿಯುದ್ದಕ್ಕೂ ಹೊತ್ತವರನ್ನು ಬೈಯುತ್ತಲೇ ಬಂದರು, ಅವರಿಗೆ ಬೈಲಿನ ಗಾಳಿ ಬಡಿದು ಹುರುಪು ಬಂದಿತ್ತು.

ಹಲಗೆಯ ಎದುರು ಕುರ್ಚಿ ಇಟ್ಟರು. ನತಾಲ್ ಬಾಯಿ ಮುಂದೆ ಬಾಗಿ ನೋಡಿದರು. ಮೊದಲು ದೇವದೂತನನ್ನು. "ಇವನು ಯಾರು, ರೆಕ್ಕೆಯವನು? ಪುಕ್ಕಟೆ ಹೂಡಿಕೊಡ್ತಾನಾ? ನಮ್ಮವರಿಗೆ ಇಂಥವನು ಒಬ್ಬನೂ ಸಿಗಲಿಲ್ಲ." ಆಮೇಲೆ ಸಂತರನ್ನು. ಹುಬ್ಬು ಗಂಟಿಕ್ಕಿತು. "ತಪ್ಪು, ತಪ್ಪು. ಇದು ಹೀಗಲ್ಲ."

"ನೋಡಿದಿಯಾ!" ಎಂದರು ಗುರ್ಕಾರರು. "ಮುಟ್ಟಾಳೆ ಬೇಡ ಅಂತ ನಾನು ಹೇಳಿದ್ದು."

"ಬೇಡ ಅಂತ ಯಾರು ಹೇಳಿದರು, ದಡ್ಡ? ಮುಟ್ಟಾಳೆ ಇಟ್ಟುಕೊಂಡು ಪ್ರಾರ್ಥನೆ ಮಾಡುವ ಕ್ರೈಸ್ತ ಎಲ್ಲಿ ಇದ್ದಾನೆ?" ಬಾಯಿ ಆಚಾರಿಯ ಕಡೆ ತಿರುಗಿದರು. "ನಿನಗೆ ಗೊತ್ತಿಲ್ಲ ಮಗ, ನಿಮ್ಮಲ್ಲಿ ಬೇರೆ. ಇವನ ಅಪ್ಪ ಇಗರ್ಜಿಯ ಮಧ್ಯಾಹ್ನದ ಗಂಟೆ ಕೇಳಿದ ಕೂಡಲೇ ಮುಟ್ಟಾಳೆ ತೆಗೀತಿದ್ದರು. ಬಾರುಕೋಲನ್ನು ಹುಣಿಗೆ ಕುತ್ತಿ ಅದಕ್ಕೆ ಸಿಕ್ಕಿಸಿ, ಆಮೇಲೆ ಕೈಮುಗಿಯುವುದು. ನೀನು ಕೋಲು ಕುತ್ತಿದ್ದೀ, ಅದು ಸರಿ. ಅದಕ್ಕೆ ಮುಟ್ಟಾಳೆ ಸಿಕ್ಕಿಸು."

ಮಗನ ಕಡೆ ನೋಡದೆ ಅವರು ಮುಂದುವರಿಸಿದರು. "ನಾವು ಒಕ್ಕಲಾಗಿ ಇಲ್ಲಿಗೆ ಬಂದಾಗ ಇವನಿಗೆ ಆರು ವರ್ಷ. ಗದ್ದೆಯ ಬದಿಯಲ್ಲಿ ಜ್ವರ ಬಂದು ಬಿದ್ದಿದ್ದ. ಪಾತ್ರೆ ಇಲ್ಲ, ಪಗಡೆ ಇಲ್ಲ. ಇವನ ಅಪ್ಪ ತೋಡಿಗೆ ಓಡಿಹೋಗಿ ಮುಟ್ಟಾಳೆಯಲ್ಲಿ ನೀರು ತಂದು ಇವನಿಗೆ ಕುಡಿಸಿದರು, ಅದರಲ್ಲೇ ತಲೆಗೂ ಹೊಯ್ದರು. ಅದು ಹೊಸ್ತಿಲು ದಾಟಬಾರದಂತೆ ಈಗ."

ಗುರ್ಕಾರರ ಕಿವಿ ಕೆಂಪಾಗಿತ್ತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು ಅಯ್ಯೋ ಅನ್ನಿಸಿತು.

ಆಚಾರಿಗೆ ಮಾತ್ರ ಇದಾವುದೂ ಕೇಳಿಸಿದಂತಿರಲಿಲ್ಲ. ಅವರು ಕುಂಚಗಳನ್ನು ಮತ್ತೆ ಹೊರಗೆ ತೆಗೆಯುತ್ತಿದ್ದರು. "ಬಾಯಮ್ಮ, ಇನ್ನೊಂದು ಹೇಳಿ. ಅವರು ಕೈಮುಗಿಯುವಾಗ ಕಣ್ಣು ಮುಚ್ಚುತ್ತಿದ್ದರಾ?"

"ಮುಚ್ಚಿದರೆ ಕೋಣ ಬಿಡ್ತದಾ? ಪಕ್ಕದ ಗದ್ದೆಯ ನೇಜಿಯ ಸಸಿಗೆ ಬಾಯಿ ಹಾಕಿ ಆಗ್ತದೆ. ಅರ್ಧ ಕಣ್ಣು ದೇವರಿಗೆ, ಅರ್ಧ ಕಣ್ಣು ಕೋಣಕ್ಕೆ."

ಆಚಾರಿಯ ಮುಖ ಅರಳಿತು. ಎರಡು ವಾರದಿಂದ ಅವರು ಹುಡುಕುತ್ತಿದ್ದ ಕಣ್ಣು ಸಿಕ್ಕಿತ್ತು.

ಕೆಲಸ ಶುರುವಾಯಿತು. ಬಾರುಕೋಲಿನ ತುದಿಗೆ ಪುಟ್ಟ ಮುಟ್ಟಾಳೆಯೊಂದು ಬಂತು. ತಲೆಯ ಮೇಲಿನ ಮುಟ್ಟಾಳೆಯ ಮೇಲೆ ಮಸಿಯಿಂದ ಕೂದಲು ಬರೆದರು. ಆದರೆ ಮುಟ್ಟಾಳೆ ದೊಡ್ಡದು, ಕೂದಲಿನ ಸುತ್ತ ಅದರ ಅಂಚು ಉಳಿದೇ ಉಳಿಯಿತು. ಆಚಾರಿ ಸ್ವಲ್ಪ ಯೋಚಿಸಿ ಅರದಾಳದ ಚಿಪ್ಪು ಎತ್ತಿಕೊಂಡರು. "ಮಧ್ಯಾಹ್ನದ ಗಂಟೆ ಅಂದರಲ್ಲ, ಹೊತ್ತು ನೆತ್ತಿಯಲ್ಲಿ ಇರಬೇಕು" ಎಂದು ಉಳಿದ ಅಂಚನ್ನೆಲ್ಲ ದುಂಡಗೆ ಹಳದಿ ಮಾಡಿದರು. ಸಂತರ ತಲೆಯ ಹಿಂದೆ ಸೂರ್ಯ ಬಂದು ನಿಂತ.

ಫಾದರ್ ಚೀಟಿಯನ್ನು ಹಲಗೆಯ ಬದಿಗೆ ಹಿಡಿದರು. ಚೀಟಿ ನೋಡಿದರು, ಹಲಗೆ ನೋಡಿದರು. "ಬೆಳಕು ಬಂತು!" ಎಂದು ಈ ಸಲ ಮುಚ್ಚುಮರೆಯಿಲ್ಲದೆ ನಕ್ಕರು.

"ಇದು ಬಿಸಿಲು ಫಾದರ್‌ರೆ" ಎಂದು ಆಚಾರಿ ತಿದ್ದಿದರು. ಕುಂಚಗಳಲ್ಲಿ ತೀರಾ ಸಣ್ಣದನ್ನು ಆರಿಸಿ, ನತಾಲ್ ಬಾಯಿಯ ಎದುರು ಬಂದು ನಿಂತರು. "ಬಾಯಮ್ಮ, ಹಿರಿಯರು ನೀವು. ಹೇಳಬೇಕು."

ಹೊರಗೆ ಬಿಸಿಲು ಓರೆಯಾಗಿತ್ತು. ಬಾಯಿ ಮಗನ ಕಡೆ ಬೆರಳು ತೋರಿಸಿ, "ನಾನು ಹೇಳುವುದಿಲ್ಲ" ಎಂದರು. "ಮುಟ್ಟಾಳೆಯ ನೀರು ಕುಡಿದವನು ಅವನು. ಅವನೇ ಹೇಳಲಿ."

ಎಲ್ಲರ ಕಣ್ಣೂ ಗುರ್ಕಾರರ ಮೇಲೆ. ಅವರು ಸೋಲಾ ಹ್ಯಾಟನ್ನು ತೆಗೆದರು. ಎಲ್ಲಿ ಇಡುವುದೆಂದು ಅತ್ತಿತ್ತ ನೋಡಿ, ಜಾಗ ಸಿಗದೆ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಹಣೆಯಲ್ಲಿ ಹ್ಯಾಟಿನ ಗೆರೆ ಎದ್ದಿತ್ತು.

"ಬಿಡಿಸಿ, ಆಚಾರ್ರೆ" ಎಂದರು.

ಆಚಾರಿ ಎಲ್ಲರನ್ನೂ ಹಲಗೆಯ ಎದುರಿನಿಂದ ಸರಿಸಿದರು. ಹೊಸ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ತೆಂಗಿನಕಾಯಿಯ ಮೇಲೆ ಬೀಳಬೇಕು. ಮನುಷ್ಯರ ಮೇಲೆ ಬಿದ್ದರೆ ಆ ಮನುಷ್ಯ ಬದುಕಿರುವವರೆಗೆ ಆ ರೂಪದ ಸೇವೆ ಮಾಡಬೇಕು. ಕಾಯಿಯನ್ನು ನೇರ ಎದುರಿಗೆ ಇಟ್ಟರು. ಜನ ಎರಡು ಬದಿಗೂ ಸರಿದರು. ಗುರ್ಕಾರರು ಬಲಬದಿಗೆ, ಕೋಣಗಳಿರುವ ಕಡೆ, ಕಂಬಕ್ಕೆ ಒರಗಿ ನಿಂತರು. ಆಚಾರಿ ಉಸಿರು ಹಿಡಿದು ಎರಡು ಸಣ್ಣ ಗೆರೆ ಎಳೆದರು, ಎರಡು ಬೊಟ್ಟು ಇಟ್ಟರು, ಮುಖ ತಿರುಗಿಸಿಕೊಂಡು ಬದಿಗೆ ಸರಿದರು.

ಆಗ ಅವರಿಗೆ ಹೊಳೆಯಿತು. ನಲವತ್ತು ವರ್ಷ ಅವರು ಬಿಡಿಸಿದ ಕಣ್ಣೆಲ್ಲ ನೇರ ನೋಡುವಂಥವು. ಇದು ಓರೆಗಣ್ಣು, ಇದಕ್ಕೆ ಎದುರಿನ ಕಾಯಿ ಬೇಕಾಗಿಯೇ ಇರಲಿಲ್ಲ. "ಅಯ್ಯೋ ಪೊರ್ಬುಗಳೇ, ಅಲ್ಲಿಂದ ಸರಿಯಿರಿ!" ಎಂದು ಕೂಗಿದರು.

ಗುರ್ಕಾರರು ಸರಿಯಲಿಲ್ಲ. ಅರ್ಧ ತೆರೆದ ರೆಪ್ಪೆಯಡಿಯಿಂದ ಇಸಿದೋರರು ಕೋಣಗಳನ್ನು ದಾಟಿ ನೇರ ಅವರನ್ನೇ ನೋಡುತ್ತಿದ್ದರು. ಬೈಯಲೋ ನಗಲೋ ಎಂದು ತಿಳಿಯದ, ಆದರೆ ಕಣ್ಣು ಮಾತ್ರ ಕೀಳದ ನೋಟ.

"ಮಾಂಯ್" ಎಂದರು ತಾಯಿಗೆ. "ಅಪ್ಪ ನನ್ನನ್ನು ಹೀಗೇ ನೋಡ್ತಿದ್ದದ್ದು."

"ಮತ್ತೆ?" ಎಂದರು ನತಾಲ್ ಬಾಯಿ, ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡು. "ಕೋಣಕ್ಕಿಂತ ಹೆಚ್ಚು ಬೇಲಿ ಹಾರಿದ್ದು ನೀನೇ."

ಮರುದಿನ ಹಬ್ಬಕ್ಕೆ ಸಂತರು ಹೊಸ್ತಿಲು ದಾಟಿದರು, ಮುಟ್ಟಾಳೆಯ ಸಮೇತ. ಆಚಾರಿ ಸೇಸಮ್ಮನನ್ನೂ ಕರೆದುಕೊಂಡು ಬಂದು ಬಾಗಿಲಿನ ಹತ್ತಿರ ನಿಂತಿದ್ದರು. ಆಮೇಲೆ ಹನ್ನೊಂದು ವರ್ಷ ಬದುಕಿದ್ದರು, ಪ್ರತಿ ಹಬ್ಬಕ್ಕೂ ಬಂದರು. ಬೇರೆ ಕೆಲಸ ಎಷ್ಟೋ ಮಾಡಿದರು, ಓರೆಗಣ್ಣು ಮಾತ್ರ ಮತ್ತೆ ಬಿಡಿಸಲಿಲ್ಲ, ಅದಕ್ಕೆ ಕಾಯಿ ಎಲ್ಲಿಡುವುದೆಂದು ತಿಳಿಯುವುದಿಲ್ಲ ಎನ್ನುತ್ತಿದ್ದರು.

ಮೊದಲ ನೋಟ ಬಿದ್ದವನ ಸೇವೆಯ ಮಾತನ್ನು ಫಾದರ್ ತಮಾಷೆಯೆಂದು ತಳ್ಳಿಹಾಕಿದರು. ಬಾಸ್ತಿಯಾಂವ್ ಗುರ್ಕಾರರು ತಳ್ಳಿಹಾಕಲಿಲ್ಲ. ಮರುವರ್ಷದ ಹಬ್ಬಕ್ಕೆ ಪೂಜೆ ಮುಗಿದು ಹೊರಬಂದಾಗ, ಕಪೆಲಿನ ಅಂಗಳದಲ್ಲಿ ಅವರು ಹ್ಯಾಟಿಲ್ಲದೆ ಬಿಸಿಲಿನಲ್ಲಿ ನಿಂತು ದೊಡ್ಡ ಚರಿಗೆಯಿಂದ ಎಲ್ಲರಿಗೂ ಹಾಳೆಯ ಬಟ್ಟಲಿನಲ್ಲಿ ಗಂಜಿ ಬಡಿಸುತ್ತಿದ್ದರು. ಮೊದಲ ಬಟ್ಟಲನ್ನು ತಾವೇ ಒಳಗೆ ಕೊಂಡುಹೋಗಿ ಹಲಗೆಯ ಕೆಳಗೆ ಇಟ್ಟು ಬಂದರು. ಎರಡನೆಯದನ್ನು ಆಚಾರಿಯ ಕೈಗೆ ಕೊಟ್ಟು ಹೇಳಿದರು: "ಇವರಿಗೆ ಎಂತ ಬಡಿಸುವುದು ಅಂತ ಟೀಚರಲ್ಲಿ ಕೇಳಿದ್ದಿರಂತೆ. ಅವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಅಪ್ಪನಿಗೆ ಗಂಜಿಯೇ ಆಗಬೇಕು."